ಶರಣಪರಂಪರೆಯಲ್ಲಿ ಹೆಣ್ಣು-ಗಂಡು ವಿಚಾರ: ಕಲ್ಯಾಣದಿಂದ ಕೊಡಗಿನ ಅರಮನೆಯವರೆಗೆ

ಲಿಂಗಾಯತ ಸಂಪ್ರದಾಯದಲ್ಲಿ ಗರ್ಭಿಣಿಗೆ ಎಂಟನೆಯ ತಿಂಗಳು ನಡೆಯುವಾಗ ಗರ್ಭಸ್ಥ ಶಿಶುವಿಗೆ ಲಿಂಗಧಾರಣೆ ಮಾಡಿಸುವ ಪದ್ಧತಿಯಿದೆ. ಗುರುವು ಕೊಟ್ಟ ಲಿಂಗವನ್ನು ಅಲ್ಲಿಯವರೆಗೆ ತಾಯಿಯೇ ಧರಿಸಿರುತ್ತಾಳೆ. ಹೆರಿಗೆಯ ಬಳಿಕ ಅದು ಮಗುವಿನದಾಗುತ್ತದೆ. ಹುಟ್ಟಲಿರುವುದು ಹೆಣ್ಣೋ ಗಂಡೋ ಎಂಬುದು ತಾಯಿಗೂ ತಿಳಿಯದು, ಗುರುವಿಗೂ ತಿಳಿಯದು. ತಿಳಿಯುವ ಮೊದಲೇ ಲಿಂಗವು ಕೈಸೇರಿರುತ್ತದೆ. ಶರಣಧರ್ಮವು ಹೆಣ್ಣು-ಗಂಡುಗಳ ವಿಷಯದಲ್ಲಿ ತಳೆದ ನಿಲುವನ್ನು ಅರಿಯಲು ಇದಕ್ಕಿಂತ ಸರಳವಾದ ದ್ವಾರ ಬೇರೊಂದಿಲ್ಲವೆಂದು ನಾವು ಭಾವಿಸುತ್ತೇವೆ. ಆ ನಿಲುವು 12ನೆಯ ಶತಮಾನದಲ್ಲಿ ಹೇಗೆ ರೂಪುಗೊಂಡಿತು, ನಂತರದ ಕಾವ್ಯಗಳಲ್ಲಿ ಹೇಗೆ ಬದಲಾಯಿತು, ಲಿಂಗಾಯತ ಅರಸರು ಎರಡು ಶತಮಾನಗಳ ಕಾಲ ಆಳಿದ ಕೊಡಗಿನಲ್ಲಿ ಅದು ಎಲ್ಲಿಯವರೆಗೆ ನಡೆದು ಎಲ್ಲಿ ನಿಂತಿತು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಕಲ್ಯಾಣದ ಕಾಲ

ಮೊದಲು ಶಬ್ದದ ವಿಚಾರ. ಕನ್ನಡದಲ್ಲಿ 'ಲಿಂಗ' ಎಂಬ ಒಂದೇ ಪದವು ಇಷ್ಟಲಿಂಗವನ್ನೂ ಸೂಚಿಸುತ್ತದೆ, ಸ್ತ್ರೀ-ಪುರುಷ ಎಂಬ ಭೇದವನ್ನೂ ಸೂಚಿಸುತ್ತದೆ. ಎರಡಕ್ಕೂ ಮೂಲದ ಅರ್ಥ 'ಗುರುತು' ಎಂದೇ. ಹುಟ್ಟಿನಿಂದ ಬಂದ ಗುರುತಿನ ಮೇಲೆ ಗುರುವಿನಿಂದ ಬಂದ ಗುರುತನ್ನು ಇರಿಸುವುದೇ ದೀಕ್ಷೆ. ಹಾಗೆ ಇರಿಸಿದ ಮೇಲೆ ಹಳೆಯದಕ್ಕೆ ಏನು ಬೆಲೆ ಎಂಬ ಪ್ರಶ್ನೆಯು ಶರಣರನ್ನು ಕಾಡಿದೆ. ಜೇಡರ ದಾಸಿಮಯ್ಯನವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಪ್ರಸಿದ್ಧವಾದುದು: ಭೇದವಿರುವುದು ಮೈಯ ಲಕ್ಷಣಗಳಲ್ಲಿ, ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲ. ಗೊಗ್ಗವ್ವೆಯೂ ಇದೇ ನೆಲೆಯಲ್ಲಿ ಮಾತನಾಡಿದ್ದಾಳೆ.

ಇದು ತತ್ತ್ವದ ಮಾತಾಗಿ ಮಾತ್ರ ಉಳಿಯಲಿಲ್ಲ. ಜನನ, ಮರಣ, ಜಾತಿ, ಉಚ್ಛಿಷ್ಟ, ರಜಸ್ಸು ಎಂಬ ಐದು ಸೂತಕಗಳನ್ನು ಶರಣರು ನಿರಾಕರಿಸಿದರು. ಇವುಗಳಲ್ಲಿ ರಜಸ್ಸೂತಕ ಮತ್ತು ಜನನಸೂತಕಗಳು ನೇರವಾಗಿ ಹೆಣ್ಣಿನ ಮೈಗೆ ಸಂಬಂಧಿಸಿದವು. ತಿಂಗಳಲ್ಲಿ ಕೆಲವು ದಿನ ಪೂಜೆಯಿಂದ ಹೊರಗಿರಬೇಕಾದವಳು ಎಂದಿಗೂ ಪೂರ್ಣ ಪೂಜಕಳಾಗಲಾರಳು. ಸೂತಕವನ್ನು ತೆಗೆದುಹಾಕದೆ ಆಕೆಯ ಕೈಗೆ ಇಷ್ಟಲಿಂಗವನ್ನು ಕೊಟ್ಟಿದ್ದರೆ ಅದು ಅರೆಬರೆಯ ಕೊಡುಗೆಯಾಗುತ್ತಿತ್ತು. ಅಂಗೈಯೊಳಗಿನ ಲಿಂಗಕ್ಕೆ ಗುಡಿಯ ಹೊಸ್ತಿಲಿಲ್ಲ, ಅರ್ಚಕನೂ ಬೇಕಿಲ್ಲ. ಅಂತ್ಯಸಂಸ್ಕಾರದಲ್ಲಿಯೂ ಹೀಗೆಯೇ. ಗಂಡಾಗಲಿ ಹೆಣ್ಣಾಗಲಿ, ಕುಳಿತ ಭಂಗಿಯಲ್ಲಿ, ಕೈಯಲ್ಲಿ ಇಷ್ಟಲಿಂಗವನ್ನಿರಿಸಿ ಸಮಾಧಿ ಮಾಡಲಾಗುತ್ತದೆ.

ಇದರ ಫಲವು ವಚನಸಾಹಿತ್ಯದಲ್ಲಿಯೇ ಕಾಣಸಿಗುತ್ತದೆ. ಮೂವತ್ತಕ್ಕೂ ಮಿಕ್ಕ ಶರಣೆಯರ ವಚನಗಳು ನಮಗೆ ದೊರೆತಿವೆ. ಅರಸಿಯರು, ವಿರಕ್ತೆಯರು, ಕಾಯಕದ ಹೆಣ್ಣುಮಕ್ಕಳು ಎಲ್ಲರೂ ಅಲ್ಲಿದ್ದಾರೆ. ಗಂಡನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆತನನ್ನು ತಿದ್ದಿದ ಆಯ್ದಕ್ಕಿ ಲಕ್ಕಮ್ಮನನ್ನು ನಮ್ಮ ಭಕ್ತರೆಲ್ಲ ಬಲ್ಲರು. ಸೂಳೆ ಸಂಕವ್ವೆಯನ್ನು ಬಲ್ಲವರು ಕಡಿಮೆ. 'ನಿರ್ಲಜ್ಜೇಶ್ವರ' ಎಂಬ ಅಂಕಿತದಲ್ಲಿ ಆಕೆಯ ಒಂದೇ ಒಂದು ವಚನ ಉಳಿದುಬಂದಿದೆ. ತಾನು ಬಿಟ್ಟುಬಂದ ಕಸುಬಿನ ಕಟ್ಟಳೆಯನ್ನೇ ಎತ್ತಿಕೊಂಡು ಆಕೆ ಏಕನಿಷ್ಠೆಯ ವ್ರತವನ್ನು ವಿವರಿಸುತ್ತಾಳೆ. ಹಳೆಯ ಬಾಳನ್ನು ಮುಚ್ಚಿಡಲಿಲ್ಲ, ಅಂಕಿತದಲ್ಲಿಯೇ ನಾಚಿಕೆಯನ್ನು ಕಳಚಿ ಇರಿಸಿದಳು. ಅದನ್ನು ಶರಣಸಮುದಾಯವು ಕಾಪಾಡಿ ಮುಂದಿನವರಿಗೆ ಒಪ್ಪಿಸಿತು ಎಂಬುದು ಆಕೆಯ ಧೈರ್ಯದಷ್ಟೇ ಗಮನಾರ್ಹ.

ಇನ್ನು 'ಶರಣ ಸತಿ, ಲಿಂಗ ಪತಿ' ಎಂಬ ಭಾವ. ಇದರಲ್ಲಿ ಭಕ್ತನು ಗಂಡಾಗಿದ್ದರೂ ಲಿಂಗಕ್ಕೆ ಹೆಂಡತಿಯೇ. ಉರಿಲಿಂಗದೇವರು, ಗಜೇಶ ಮಸಣಯ್ಯನವರು ಈ ಭಾವದಲ್ಲಿ ವಿಪುಲವಾಗಿ ವಚನಗಳನ್ನು ನುಡಿದಿದ್ದಾರೆ. ವಿರಹ, ಕಾತರ, ಮುನಿಸು, ಕೂಟದ ಸುಖ ಎಲ್ಲವನ್ನೂ ಹೆಣ್ಣಿನ ಬಾಯಿಂದ ಆಡಿದ್ದಾರೆ. ಕಾಮವನ್ನು ಬೈದು ಹೊರಗಟ್ಟದೆ ಅದರ ನುಡಿಯನ್ನೇ ಭಕ್ತಿಗೆ ತಂದುಕೊಂಡ ರೀತಿ ಇದು. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು. ಮಸಣಯ್ಯನವರು ಸತಿಯಾಗಿ ನುಡಿದು ಮನೆಗೆ ಬಂದರೆ ಅಲ್ಲಿ ಅವರು ಪತಿಯೇ. ಅವರ ಪುಣ್ಯಸ್ತ್ರೀ ಮಸಣಮ್ಮ ಅಲ್ಲಿದ್ದಾಳೆ. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನೇ ಗಂಡನೆಂದಾಗ ಲೋಕದ ಗಂಡನನ್ನು ತೊರೆಯಬೇಕಾಯಿತು, ಮನೆಯನ್ನು ತೊರೆಯಬೇಕಾಯಿತು, ಉಟ್ಟ ಬಟ್ಟೆಯನ್ನೂ ತೊರೆಯಬೇಕಾಯಿತು. ಭಾವ ಒಂದೇ ಆದರೂ ತೆತ್ತ ಬೆಲೆ ಒಂದೇ ಅಲ್ಲ.

15ನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬಂದ ಅಕ್ಕನನ್ನು ಅಲ್ಲಮಪ್ರಭುಗಳು ಪರೀಕ್ಷಿಸುವ ಪ್ರಸಂಗವಿದೆ. ನಿನ್ನ ಗಂಡನಾರು, ಬಟ್ಟೆಯನ್ನು ಬಿಟ್ಟವಳು ಕೂದಲಿನಿಂದ ಮೈಯನ್ನು ಮರೆಮಾಡಿದ್ದೇಕೆ ಎಂಬ ಪ್ರಶ್ನೆಗಳು ಅಲ್ಲಿ ಬರುತ್ತವೆ. ಅಕ್ಕನು ಒಂದೊಂದಕ್ಕೂ ಉತ್ತರಿಸುತ್ತಾಳೆ, ಕೊನೆಗೆ ಪ್ರಭುಗಳೇ ಒಪ್ಪಿ ಮನ್ನಿಸುತ್ತಾರೆ. ವಯಸ್ಸಿನಲ್ಲಿ ಕಿರಿಯಳಾದವಳು ಎಲ್ಲರಿಗೂ 'ಅಕ್ಕ'ಳಾಗುತ್ತಾಳೆ. ಪರೀಕ್ಷೆಯು ಆಕೆಯ ಹಿರಿಮೆಯನ್ನು ತೋರಲೆಂದೇ ನಡೆಯಿತೆಂದು ಪರಂಪರೆಯು ವ್ಯಾಖ್ಯಾನಿಸುತ್ತದೆ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ಅನುಭವಮಂಟಪಕ್ಕೆ ಬಂದ ಗಂಡಸರಲ್ಲಿ ಯಾರನ್ನೂ 'ನಿನ್ನ ಹೆಂಡತಿ ಯಾರು' ಎಂದು ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಪ್ರಸಂಗವಿಲ್ಲ ಎಂಬುದನ್ನೂ ಓದುಗರು ಗಮನಿಸಬೇಕು.

ಕಾವ್ಯಗಳಲ್ಲಿ ಆದ ಬದಲಾವಣೆ

ಶರಣರ ಕಾಲದಿಂದ ದೂರ ಸರಿದಂತೆ ಹೆಣ್ಣಿನ ಚಿತ್ರವು ಬದಲಾಯಿತು. ಇದನ್ನು ಅರಿಯಲು ಎರಡು ಕೃತಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದು ಸಾಕು: ಶರಣರ ಕಾಲಕ್ಕೆ ಹತ್ತಿರದವನಾದ ಹರಿಹರನ ರಗಳೆಗಳು, ಮತ್ತು 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ ಚಾಮರಸನು ಬರೆದ ಪ್ರಭುಲಿಂಗಲೀಲೆ.

ಹರಿಹರನ ಅಲ್ಲಮನು ಮದ್ದಳೆ ಬಾರಿಸುವ ತರುಣ. ಕಮಲತೆ ಎಂಬವಳನ್ನು ಒಲಿದು ವರಿಸುತ್ತಾನೆ. ಆಕೆ ಜ್ವರದಿಂದ ತೀರಿಕೊಳ್ಳುತ್ತಾಳೆ. ದುಃಖದಿಂದ ಮರುಳನಂತೆ ಅಲೆಯುವವನಿಗೆ ಅನಿಮಿಷಯ್ಯನಿಂದ ಲಿಂಗವು ದೊರೆಯುತ್ತದೆ. ಇಲ್ಲಿ ಹೆಣ್ಣಿನ ಮೇಲಿನ ಒಲವು ಪಾಪವಲ್ಲ, ಬಲೆಯೂ ಅಲ್ಲ. ಕಳೆದುಕೊಂಡ ಒಲವೇ ಅರಿವಿನ ದಾರಿಯಾಗುತ್ತದೆ. ಚಾಮರಸನಲ್ಲಿ ಕಮಲತೆ ಇಲ್ಲ. ಆಕೆಯ ಸ್ಥಾನದಲ್ಲಿ ಬನವಸೆಯ ಮಮಕಾರ ರಾಜನ ಮಗಳಾಗಿ ಹುಟ್ಟಿದ ಮಾಯೆ ಇದ್ದಾಳೆ. ಆಕೆ ಅಲ್ಲಮನನ್ನು ಗೆಲ್ಲಬಂದು ಸೋಲುತ್ತಾಳೆ. ಮನುಷ್ಯಳಾಗಿದ್ದ ಹೆಂಡತಿ ಗೆಲ್ಲಬೇಕಾದ ಮೋಹವಾಗಿ ಮಾರ್ಪಟ್ಟಳು. ಕಾವ್ಯವಾಗಿ ಪ್ರಭುಲಿಂಗಲೀಲೆಯ ಹಿರಿಮೆ ದೊಡ್ಡದು. ಆದರೆ ಹೊನ್ನು, ಹೆಣ್ಣು, ಮಣ್ಣುಗಳು ಮಾಯೆಯಲ್ಲ, ಮನದ ಆಸೆಯೇ ಮಾಯೆ ಎಂದು ಸಾರಿದವರು ಅಲ್ಲಮಪ್ರಭುಗಳೇ ಎಂಬುದನ್ನು ನೆನೆದಾಗ ಈ ಬದಲಾವಣೆ ವಿಚಿತ್ರವಾಗಿ ತೋರುತ್ತದೆ.

ಅಕ್ಕನ ಕಥೆಯಲ್ಲಿಯೂ ಇಂತಹುದೇ ತಿದ್ದುಪಡಿಯಿದೆ. ಹರಿಹರನ ಪ್ರಕಾರ ಆಕೆ ಷರತ್ತುಗಳನ್ನೊಡ್ಡಿ ಕೌಶಿಕನನ್ನು ಮದುವೆಯಾಗುತ್ತಾಳೆ. ಅವನು ಅವುಗಳನ್ನು ಮುರಿದಾಗ ಹೊರಟುಬಿಡುತ್ತಾಳೆ. ಚಾಮರಸನು ಮದುವೆಯನ್ನೇ ಒಪ್ಪುವುದಿಲ್ಲ. ಒಮ್ಮೆ ಹೆಂಡತಿಯಾಗಿದ್ದವಳನ್ನು ಮಹಾಶರಣೆಯೆಂದು ಒಪ್ಪಲು ನಂತರದ ಕಾಲಕ್ಕೆ ಕಷ್ಟವಾಯಿತೆಂದೇ ನಮಗನಿಸುತ್ತದೆ. ಹರಿಹರನಿಗೆ ಆ ಕಷ್ಟವಿರಲಿಲ್ಲ.

ಕೊಡಗಿನಲ್ಲಿ

ಕೊಡಗಿನ ಉತ್ತರ ಭಾಗದಲ್ಲಿ, ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಸುತ್ತ, ಲಿಂಗಾಯತ ಕುಟುಂಬಗಳೂ ಮಠಗಳೂ ಹಿಂದಿನಿಂದ ನೆಲೆಸಿವೆ. ಅದೇ ಸೀಮೆಯ ಮುಳ್ಳೂರಿನಲ್ಲಿ 11ನೆಯ ಶತಮಾನದ ಜೈನ ಬಸದಿಗಳಿವೆ. ರಾಜೇಂದ್ರ ಕೊಂಗಾಳ್ವನ ತಾಯಿ ಪೋಚಬ್ಬರಸಿಯ ಹೆಸರು ಅಲ್ಲಿಯ 1058ರ ಶಾಸನದಲ್ಲಿ ಬರುತ್ತದೆ. ಬಸವಣ್ಣನವರಿಗಿಂತ ಒಂದು ಶತಮಾನ ಮೊದಲೇ ಈ ನಾಡಿನ ಅರಸಿಯೊಬ್ಬಳು ಧರ್ಮಕಾರ್ಯಕ್ಕಾಗಿ ಕಲ್ಲಿನಲ್ಲಿ ಹೆಸರು ಪಡೆದಿದ್ದಳು ಎಂಬುದಕ್ಕೆ ಇದು ಸಾಕ್ಷಿ. ಅರಸಿಯರಿಗೆ ದಾನದ ಅಧಿಕಾರವು ಮಧ್ಯಯುಗದ ಕರ್ನಾಟಕದಲ್ಲಿ ಅಪರೂಪವಾಗಿರಲಿಲ್ಲ. ಸಿಂಹಾಸನದ ಮಾತು ಬೇರೆ.

ಹಾಲೇರಿ ಅರಸರ ಆಳ್ವಿಕೆಯು 17ನೆಯ ಶತಮಾನದ ಆರಂಭದಿಂದ 1834ರವರೆಗೆ ನಡೆಯಿತು. ಇಕ್ಕೇರಿಯ ಅರಸುಮನೆತನದ ಕವಲೊಂದು ಜಂಗಮವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿತೆಂಬುದು ಪರಂಪರೆಯ ಹೇಳಿಕೆ. 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನು ಮಡಿಕೇರಿಗೆ ವರ್ಗಾಯಿಸಿದನು. ಪ್ರಜೆಗಳಲ್ಲಿ ಹೆಚ್ಚಿನವರು ಕೊಡವರು ಮತ್ತಿತರ ಸಮುದಾಯದವರು; ಅರಸರು ಮಾತ್ರ ಲಿಂಗಧಾರಿಗಳು.

ಈ ಮನೆತನದ ಪ್ರಸಿದ್ಧ ಅರಸ ದೊಡ್ಡವೀರರಾಜೇಂದ್ರನು 1788ರಲ್ಲಿ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಪಿರಿಯಾಪಟ್ಟಣದಿಂದ ಬಂದು ನಾಡನ್ನು ಮರಳಿ ಪಡೆದವನು. ವೀರರಾಜಪೇಟೆಯನ್ನು ಸ್ಥಾಪಿಸಿದವನೂ, ನಾಲ್ಕುನಾಡಿನ ಅರಮನೆಯನ್ನು ಕಟ್ಟಿಸಿದವನೂ ಅವನೇ. ಆ ಅರಮನೆಯಲ್ಲಿಯೇ 1796ರಲ್ಲಿ ಮಹಾದೇವಮ್ಮಾಜಿಯೊಡನೆ ಅವನ ವಿವಾಹವು ನಡೆಯಿತು. ಅವಳಲ್ಲಿ ಹೆಣ್ಣುಮಕ್ಕಳು ಹುಟ್ಟಿದರು, ಗಂಡು ಸಂತಾನವಾಗಲಿಲ್ಲ. 1807ರಲ್ಲಿ ರಾಣಿಯು ತೀರಿಕೊಂಡಳು.

ಆಗ ಅರಸನು ಮಾಡಿದ ನಿರ್ಧಾರವೇ ನಮ್ಮ ವಿಷಯಕ್ಕೆ ಮುಖ್ಯವಾದುದು. ದತ್ತು ಸ್ವೀಕಾರದ ಹಾದಿ ತೆರೆದಿತ್ತು, ತಮ್ಮ ಲಿಂಗರಾಜನೂ ಇದ್ದನು. ಆದರೂ ಮಗಳು ದೇವಮ್ಮಾಜಿಯೇ ತನ್ನ ನಂತರ ಪಟ್ಟಕ್ಕೆ ಬರಬೇಕೆಂದು ದೊಡ್ಡವೀರರಾಜೇಂದ್ರನು ಗೊತ್ತುಮಾಡಿದನು. ಈಸ್ಟ್ ಇಂಡಿಯಾ ಕಂಪನಿಯ ಸಮ್ಮತಿಯನ್ನೂ ಕೋರಿದನು. ಇದೇ ಕಾಲದಲ್ಲಿ ಅವನ ಅಪ್ಪಣೆಯಂತೆ ಮನೆತನದ ಚರಿತ್ರೆಯಾದ 'ರಾಜೇಂದ್ರನಾಮೆ'ಯು ಕನ್ನಡದಲ್ಲಿ ಸಿದ್ಧವಾಯಿತು. ಅದು 1633ರಿಂದ 1807ರವರೆಗಿನ ಘಟನೆಗಳನ್ನು ಹೇಳಿ, ರಾಣಿಯು ತೀರಿಕೊಂಡ ವರ್ಷಕ್ಕೆ ನಿಲ್ಲುತ್ತದೆ. ತನ್ನ ಮನೆತನದ ಹಕ್ಕನ್ನು ಬರಹದಲ್ಲಿ ಭದ್ರಪಡಿಸಿ ಮಗಳಿಗೆ ಒಪ್ಪಿಸುವ ಆತುರವು ಆ ಅರಸನಿಗಿತ್ತೆಂದು ಊಹಿಸುವುದು ತಪ್ಪಾಗಲಾರದು.

1809ರ ಜೂನ್ ತಿಂಗಳಲ್ಲಿ ದೊಡ್ಡವೀರರಾಜೇಂದ್ರನು ಮರಣ ಹೊಂದಿದನು. ಇನ್ನೂ ಎಳೆಯ ವಯಸ್ಸಿನ ದೇವಮ್ಮಾಜಿಗೆ ಪಟ್ಟವಾಯಿತು. ಚಿಕ್ಕಪ್ಪ ಲಿಂಗರಾಜನು ಆಡಳಿತಕ್ಕೆ ಕೈಹಾಕಿದನು. ಎರಡೇ ವರ್ಷಗಳಲ್ಲಿ, 1811ರಲ್ಲಿ, ಅವಳನ್ನು ಪಕ್ಕಕ್ಕೆ ಸರಿಸಿ ತಾನೇ ಅರಸನಾದನು. ಅವಳ ಪಟ್ಟಕ್ಕೆ ಸಮ್ಮತಿಯನ್ನು ಕೇಳಿಸಿಕೊಂಡಿದ್ದ ಕಂಪನಿಯೂ ಲಿಂಗರಾಜನನ್ನೇ ಅರಸನೆಂದು ಒಪ್ಪಿಕೊಂಡಿತು.

ಈ ಎರಡು ವರ್ಷಗಳ ಆಳ್ವಿಕೆಗೆ ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಒಂದೆರಡು ಸಾಲುಗಳನ್ನಷ್ಟೇ ಮೀಸಲಿಡುತ್ತವೆ. ಲಿಂಗಾಯತ ರಾಣಿಯರ ಸಾಲಿನಲ್ಲಿಟ್ಟು ನೋಡಿದಾಗ ಅದರ ವಿಶೇಷವು ತಿಳಿಯುತ್ತದೆ. ಹಾಲೇರಿಯವರ ಮೂಲಮನೆಯೆನ್ನಲಾದ ಕೆಳದಿ-ಇಕ್ಕೇರಿಯಲ್ಲಿ ರಾಣಿ ಚೆನ್ನಮ್ಮಾಜಿಯು 17ನೆಯ ಶತಮಾನದ ಕೊನೆಯಲ್ಲಿ ಸುಮಾರು 25 ವರ್ಷ ಆಳಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಮೊಗಲರನ್ನು ಎದುರಿಸಿದಳು. ಅದೇ ಮನೆತನದ ವೀರಮ್ಮಾಜಿಯು 1763ರಲ್ಲಿ ಹೈದರಾಲಿಗೆ ಬಿದನೂರು ಸೋಲುವವರೆಗೆ ಅಧಿಕಾರದಲ್ಲಿದ್ದಳು. ಕಿತ್ತೂರಿನ ಚೆನ್ನಮ್ಮನು 1824ರಲ್ಲಿ ಕಂಪನಿಯ ಮೇಲೆ ಯುದ್ಧ ಹೂಡಿದ್ದನ್ನು ಹೇಳಬೇಕಾದುದೇ ಇಲ್ಲ. ಈ ಮೂವರೂ ಗಂಡನನ್ನು ಕಳೆದುಕೊಂಡವರು. ಮೂವರೂ ದತ್ತುಪುತ್ರನ ಹೆಸರಿನ ಬೆಂಬಲದಿಂದ ಅಧಿಕಾರವನ್ನು ಹಿಡಿದವರು ಇಲ್ಲವೆ ಕಾಪಾಡಲು ಹೋರಾಡಿದವರು. ವಿಧವೆಯನ್ನು ಅಮಂಗಳೆಯೆಂದು ಮೂಲೆಗೆ ತಳ್ಳದೆ ಸಿಂಹಾಸನದ ಮೇಲೆ ಕೂರಿಸಲು ಲಿಂಗಾಯತ ರಾಜಮನೆತನಗಳಿಗೆ ಸಾಧ್ಯವಾದುದರಲ್ಲಿ ಶರಣಧರ್ಮದ ಪಾತ್ರವಿದೆಯೆಂದು ನಾವು ನಂಬುತ್ತೇವೆ. ಲಿಂಗವು ಕೊರಳಲ್ಲಿರುವವಳಿಗೆ ಗಂಡನ ಮರಣದಿಂದ ಮಂಗಳವು ಕಳೆಯದು.

ಆದರೆ ಅವರೆಲ್ಲರೂ ಸೊಸೆಯರು. ಗಂಡನ ಮನೆಯ ಹಕ್ಕನ್ನು ಮುಂದಿನ ಗಂಡಿಗೆ ತಲುಪಿಸುವವರೆಗೆ ಕಾಯ್ದವರು. ಕೊಡಗಿನ ದೇವಮ್ಮಾಜಿಯು ಮಗಳು. ತಂದೆಯ ಪಟ್ಟಕ್ಕೆ ತಾನೇ ಹಕ್ಕುದಾರಳಾಗಿ ಬಂದವಳು. ಹೆಂಡತಿಗೂ ತಾಯಿಗೂ ದೊರೆತ ಜಾಗವು ಮಗಳಿಗೆ ದೊರೆಯಲಿಲ್ಲ. ದೀಕ್ಷೆಯಲ್ಲಿ ಗಂಡುಮಗುವಿಗೂ ಹೆಣ್ಣುಮಗುವಿಗೂ ಭೇದವೆಣಿಸದ ಧರ್ಮವನ್ನು ಒಪ್ಪಿಕೊಂಡಿದ್ದ ಮನೆಯಲ್ಲಿಯೇ, ಆಸ್ತಿಯ ಮಾತು ಬಂದಾಗ ತಮ್ಮನಿಗಿಂತ ಮಗಳು ದೂರದವಳಾದಳು.

ಇದಕ್ಕೆ ಕೊಡಗಿನ ನೆಲದಲ್ಲಿ ಬೇರೆ ಮಾದರಿ ಇರಲಿಲ್ಲವೆನ್ನಲಾಗದು. ಕೊಡವರ ಒಕ್ಕವು ತಂದೆಯ ಕಡೆಯಿಂದಲೇ ನಡೆಯುವಂಥದು. ಆದರೂ ಗಂಡು ಸಂತತಿಯಿಲ್ಲದ ಒಕ್ಕದಲ್ಲಿ ಮಗಳು ತವರಿನಲ್ಲಿಯೇ ಉಳಿದು, ಅವಳ ಮಕ್ಕಳು ಆ ಒಕ್ಕದ ಹೆಸರನ್ನು ಮುಂದುವರಿಸುವ ಏರ್ಪಾಡು ಅವರಲ್ಲಿದೆ. ಒಕ್ಕಪರಿಜೆ, ಮಕ್ಕಪರಿಜೆ ಎಂದು ಅದರ ಬಗೆಗಳನ್ನು ಕರೆಯುತ್ತಾರೆ. ವಿಧವಾವಿವಾಹಕ್ಕೂ ಅವರಲ್ಲಿ ತಡೆಯಿರಲಿಲ್ಲ. ದೊಡ್ಡವೀರರಾಜೇಂದ್ರನು ಪ್ರಜೆಗಳ ಈ ಪದ್ಧತಿಯನ್ನು ಕಂಡು ಮಗಳಿಗೆ ಪಟ್ಟವನ್ನು ಗೊತ್ತುಮಾಡಿದನೆಂದು ಹೇಳಲು ಆಧಾರವಿಲ್ಲ. ಪ್ರಜೆಯ ಮನೆಯಲ್ಲಿ ಮಗಳಿಂದ ಮನೆತನವು ಉಳಿಯಲು ದಾರಿಯಿತ್ತು, ಅರಮನೆಯಲ್ಲಿ ಆ ದಾರಿ ಎರಡು ವರ್ಷಕ್ಕೆ ಮುಚ್ಚಿತು ಎಂದಷ್ಟೇ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ. ದೇವಮ್ಮಾಜಿ ಎಂಬ ಹೆಸರು ಆ ಮನೆತನದಲ್ಲಿ ಮತ್ತೆ ಮತ್ತೆ ಬರುವುದರಿಂದ ಓದುಗರಿಗೆ ಗೊಂದಲವಾಗುವುದುಂಟು. ಕೊನೆಯ ಅರಸ ಚಿಕ್ಕವೀರರಾಜೇಂದ್ರನ ತಂಗಿಯ ಹೆಸರೂ ದೇವಮ್ಮಾಜಿ. ಗಂಡ ಚೆನ್ನಬಸವನೊಡನೆ ಕೊಡಗನ್ನು ಬಿಟ್ಟು 1832ರಲ್ಲಿ ಮೈಸೂರಿನಲ್ಲಿ ಕಂಪನಿಯ ಆಶ್ರಯ ಪಡೆದವಳು ಈಕೆ. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಕಾದಂಬರಿಯನ್ನು ಓದಿದವರಿಗೆ ಪರಿಚಿತಳಾದವಳು ಈ ಎರಡನೆಯ ದೇವಮ್ಮಾಜಿಯೇ ಹೊರತು ಪಟ್ಟವೇರಿದವಳಲ್ಲ. ಇನ್ನೊಂದು ಮಾತು: ಹಾಲೇರಿ ಅರಮನೆಯ ಅಂತಃಪುರದ ಬಗ್ಗೆ ಪ್ರಚಲಿತವಾಗಿರುವ ಕಥೆಗಳಲ್ಲಿ ಹಲವು 1834ರ ನಂತರ ಬರೆದ ಪಾದ್ರಿಗಳ ಮತ್ತು ಇಂಗ್ಲಿಷ್ ಅಧಿಕಾರಿಗಳ ಪುಸ್ತಕಗಳಿಂದ ಬಂದವು. ಅರಸನ ಕ್ರೌರ್ಯವನ್ನೂ ಕಾಮುಕತೆಯನ್ನೂ ಎಷ್ಟು ಕಪ್ಪಾಗಿ ಬಣ್ಣಿಸಿದರೆ ರಾಜ್ಯವನ್ನು ಕಸಿದುಕೊಂಡುದು ಅಷ್ಟು ನ್ಯಾಯವಾಗಿ ತೋರುತ್ತಿತ್ತು. ಎಲ್ಲವೂ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅವುಗಳನ್ನು ಓದುವಾಗ ಬರೆದವರು ಯಾರೆಂದು ನೋಡಿಕೊಳ್ಳಬೇಕು.

ಮಡಿಕೇರಿಯ ಗದ್ದಿಗೆಯನ್ನು ನಮ್ಮ ಭಕ್ತರಲ್ಲಿ ಅನೇಕರು ದರ್ಶಿಸಿದ್ದಾರೆ. ಗುಮ್ಮಟಗಳನ್ನು ಹೊತ್ತ ಆ ಕಟ್ಟಡಗಳು ಮೇಲುನೋಟಕ್ಕೆ ಮುಸಲ್ಮಾನ ಶೈಲಿಯವು. ಒಳಗಿನ ಸಂಪ್ರದಾಯ ನಮ್ಮದು. ದೊಡ್ಡದಾದ ಗದ್ದಿಗೆಯಲ್ಲಿ ದೊಡ್ಡವೀರರಾಜೇಂದ್ರನೂ ಮಹಾದೇವಮ್ಮಾಜಿಯೂ ಒಂದೇ ಸೂರಿನಡಿ ಸಮಾಧಿಗೊಂಡಿದ್ದಾರೆ. ಪಕ್ಕದಲ್ಲಿ ಲಿಂಗರಾಜನ ಗದ್ದಿಗೆಯಿದೆ. ಅರಸನಿಗೂ ಅರಸಿಗೂ ಸಮಾನವಾದ ಸಮಾಧಿಯ ಗೌರವವನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ದೀಕ್ಷೆಯೂ ಹಕ್ಕೂ

ಪೀಠಗಳ ವಿಷಯದಲ್ಲಿಯೂ ಇಂತಹದೇ ಅಂತರವಿತ್ತು. ಶರಣೆಯರಿಗೆ ಅನುಭವಮಂಟಪದಲ್ಲಿ ಮಾತಿನ ಹಕ್ಕಿತ್ತು. ನಂತರ ಬೆಳೆದ ಮಠಗಳ ಪಟ್ಟಾಧಿಕಾರವು ಪುರುಷರಿಗೇ ಸಂದಿತು. 1970ರಲ್ಲಿ ಮಾತೆ ಮಹಾದೇವಿಯವರು ಜಗದ್ಗುರು ಪೀಠವನ್ನೇರಿದಾಗ ಅಕ್ಕನ ಕಾಲದಿಂದ ಎಂಟು ಶತಮಾನಗಳು ಕಳೆದಿದ್ದವು. ಅವರ ಎಲ್ಲ ವಿಚಾರಗಳನ್ನು ಒಪ್ಪದವರೂ ಆ ಘಟನೆಯ ಮಹತ್ವವನ್ನು ಒಪ್ಪುತ್ತಾರೆ.

ಮಗಳ ಹಕ್ಕಿನ ಮಾತು ಅರಮನೆಗೆ ಮಾತ್ರ ಸೇರಿದುದಲ್ಲ. ಕಾಫಿ ತೋಟ, ಏಲಕ್ಕಿ ಮಲೆ, ಗದ್ದೆಗಳಿರುವ ನಮ್ಮ ಮನೆಗಳಲ್ಲಿ ಅದು ಈಗಲೂ ಏಳುವ ಪ್ರಶ್ನೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮವು ತನ್ನ ವ್ಯಾಪ್ತಿಯಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಹೇಳುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕವು 1994ರಲ್ಲಿಯೇ ತಂದಿತು; ಆದರೆ ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದು ಅನ್ವಯಿಸುತ್ತಿರಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆಯಿತು. ತಿದ್ದುಪಡಿಯ ದಿನ ತಂದೆಯು ಬದುಕಿರಲೇಬೇಕೆಂದಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

ಹೀಗಿದ್ದರೂ ತವರಿನ ಪ್ರೀತಿ ಉಳಿಯಬೇಕಾದರೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಬೇಕೆಂಬ ಒತ್ತಡವನ್ನು ಹೆಣ್ಣುಮಕ್ಕಳು ಎದುರಿಸುವುದುಂಟು. ಸ್ವಂತ ಇಚ್ಛೆಯಿಂದ ಬಿಟ್ಟುಕೊಡುವುದು ಅವಳಿಗೆ ಸೇರಿದ ವಿಚಾರ. ಒತ್ತಾಯದಿಂದ ಬರೆಸಿಕೊಂಡ ಪತ್ರವು ಕಾನೂನಿನ ಮುಂದೆ ಪ್ರಶ್ನೆಗೆ ಒಳಪಡುತ್ತದೆ. ಅಂತಹ ಪತ್ರಕ್ಕೆ ಸಹಿಯನ್ನು ಕೇಳುವ ಅಣ್ಣ-ತಮ್ಮಂದಿರ ಕೊರಳಿನ ಲಿಂಗವೂ, ಸಹಿ ಹಾಕಬೇಕಾದ ಅಕ್ಕ-ತಂಗಿಯರ ಕೊರಳಿನ ಲಿಂಗವೂ ಎಂಟನೆಯ ತಿಂಗಳಿನಲ್ಲಿ ಒಬ್ಬಳೇ ತಾಯಿಯು ಧರಿಸಿ ಕಾಯ್ದುಕೊಂಡವು.